ಸಾಯೋವರೆಗೂ ಅಂತ ಬರ್ದಿದ್ದೀಯಲ್ಲ ತಮ್ಮಾ

ತಮ್ಮಾ,

ನೀನ್ ಕಳ್ಸಿದ್ ಹಾಡು ಮೂರ್ ಸಲ ಓದ್ದೆ, ಒಂದ್ ಸಲ ಬಸ್ಸಲ್ಲಿ, ಎರಡ್ ಸಲ ಮನೇಲಿ ಕನ್ನಡಕ ಹಾಕ್ಕೊಂಡು. ಉತ್ರ ಬರೆಯೋದು ಲೇಟಾಯ್ತು, ಬೇಜಾರ್ ಮಾಡ್ಕೋಬೇಡ. "ಹೆಂಗಿದೆ ಅಣ್ಣ, ಮುಲಾಜಿಲ್ದೆ ಹೇಳಿ" ಅಂದಿದ್ದೀಯ. ಸರಿ. ನೆನಪಿನ ಮಳೆ, ಒಡೆದ ಹೃದಯ, ಖಾಲಿ ದಾರಿ ಇವೆಲ್ಲಾ ನಂಗೆ ಹಳೇ ಪರಿಚಯ, ಕ್ಯಾಸೆಟ್ ಕಾಲದಲ್ಲಿ ನಾನೇ ಇವನ್ನ ಕೆಜಿಗಟ್ಲೆ ಬರ್ದು ಮಾರಿದ್ದೀನಿ. ಆದ್ರೆ ಎರಡ್ ಕಡೆ ನಿಂತ್ಬಿಟ್ಟೆ. ಒಂದು ಪಲ್ಲವೀಲಿ ಬರೋ "ಸಾಯೋವರೆಗೂ ನಿನ್ನ ಮರೆಯಲ್ಲ". ಇನ್ನೊಂದು ಎರಡನೇ ಚರಣದಲ್ಲಿ, ಬೈಕಿಗೆ ನೇತಾಕಿರೋ ಅವಳ ಹೆಲ್ಮೆಟ್ಟಿನ ಪಟ್ಟಿ ಇನ್ನೂ ಅವಳ ಗದ್ದದ ಅಳತೇಲೇ ಇದೆ ಅನ್ನೋದು. ಮೊದಲ್ನೇದು ಸವಕಲು, ತೆಗ್ದಾಕು ಅಂತ ನಿನ್ನ ಫ್ರೆಂಡ್ಸ್ ಹೇಳಿದ್ರಂತೆ. ತೆಗೀಬೇಡ. ಯಾಕೆ ಅಂತ ಹೇಳಕ್ಕೆ ಒಂದು ಅಮೇರಿಕದ ಹಾಡಿನ ಕಥೆ ಹೇಳ್ಬೇಕು, ಸ್ವಲ್ಪ ಉದ್ದ ಆಗುತ್ತೆ, ಕಾಫಿ ಇಟ್ಕೊಂಡ್ ಕೂತ್ಕೋ.

ಟೆನೆಸಿ ರಾಜ್ಯದ ನ್ಯಾಶ್‌ವಿಲ್ ಅಂದ್ರೆ ಅಮೇರಿಕದ ಹಳ್ಳಿಗಾಡಿನ ಹಾಡುಗಳಿಂದ ಬೆಳೆದ ಕಂಟ್ರಿ ಮ್ಯೂಸಿಕ್‌ಗೆ ತವರುಮನೆ ಇದ್ದಂಗೆ. 1980ರಲ್ಲಿ ಅಲ್ಲಿಂದ ಒಂದು ಸಿಂಗಲ್ ಬಂತು, 'ಹಿ ಸ್ಟಾಪ್ಡ್ ಲವಿಂಗ್ ಹರ್ ಟುಡೇ', ಅಂದ್ರೆ ಇವತ್ತು ಅವನು ಅವಳನ್ನ ಪ್ರೀತ್ಸೋದು ನಿಲ್ಸಿದ. ಹಾಡಿದ್ದು ಜಾರ್ಜ್ ಜೋನ್ಸ್, ಬರ್ದಿದ್ದು ಬಾಬಿ ಬ್ರಾಡಕ್ ಮತ್ತೆ ಕರ್ಲಿ ಪುಟ್ಮನ್ ಅಂತ ಇಬ್ರು. ನನ್ನ ಸ್ನೇಹಿತ ಒಬ್ಬ ಅಲ್ಲಿಂದ ಕ್ಯಾಸೆಟ್ ತಂದುಕೊಟ್ಟಿದ್ದ. ಮೊದಲ್ನೇ ಸಲ ಕೇಳ್ದಾಗ ನಂಗೆ ಅರ್ಥ ಆಗಿದ್ದು ಏನ್ ಗೊತ್ತಾ? ಹುಡುಗಿ ಕೈಕೊಟ್ಟಿರ್ತಾಳೆ, ಇವನು ವರ್ಷಗಟ್ಲೆ ಕೊರಗ್ತಾನೆ, ಕೊನೆಗೆ ಒಂದಿನ ಫ್ರೆಂಡ್ ನೋಡಕ್ ಹೋದ್ರೆ ಕಣ್ಣಲ್ಲಿ ನೀರಿಲ್ಲ, ನೀಟಾಗಿ ಡ್ರೆಸ್ ಮಾಡ್ಕೊಂಡು ಹೊರಟು ನಿಂತಂಗಿದ್ದಾನೆ, ಎಷ್ಟೋ ವರ್ಷ ಆದ್ಮೇಲೆ ಮುಖದಲ್ಲಿ ನಗು, ಬಾಗ್ಲಿಗೆ ಬೇರೆ ಹೂ ಹಾಕಿದ್ದಾರೆ. ಸದ್ಯ, ಬೇರೆ ಮದ್ವೆ ಆಗ್ತಿದ್ದಾನೆ ಬಿಡು ಅಂದ್ಕೊಂಡೆ! ನಮ್ಮ ಕಡೆ ಬಾಗ್ಲಿಗೆ ಹೂವು ಅಂದ್ರೆ ಶುಭಕಾರ್ಯ ತಾನೆ. ಸ್ನೇಹಿತ ನನ್ನ ಮುಖ ನೋಡಿ "ಲೋ, ಅದು ಸಾವಿನ ಮನೆ ಕಣೋ" ಅಂದ.

ಆಮೇಲೆ ರಿವೈಂಡ್ ಮಾಡಿ ಕೇಳಿದ್ದು ಎಷ್ಟ್ ಸಲಾನೋ ಲೆಕ್ಕ ಇಲ್ಲ.

ಈಗ ನೋಡು, ಆ ಹಾಡಿನ ಮೊದಲ್ನೇ ಸಾಲಲ್ಲೇ ಅವನು ಅವಳಿಗೆ ಹೇಳೋದು ನೀನ್ ಬರ್ದಿದ್ದೇ, ಸಾಯೋವರೆಗೂ ಪ್ರೀತಿಸ್ತೀನಿ ಅಂತ. ಅವಳು ಹೇಳೋದು ಎಲ್ಲಾರ್ ಮನೇಲೂ ಹೇಳೋದೇ, ಕಾಲ ಹೋದಂಗೆ ಮರ್ತೋಗ್ತೀಯ ಬಿಡು ಅಂತ. ಇದಕ್ಕಿಂತ ಸವಕಲು ಶುರು ಎಲ್ಲಿದೆ ಹೇಳು. ಕೇಳೋನು ಆ ಮಾತನ್ನ ಕಿವಿಗೇ ಹಾಕ್ಕೊಳಲ್ಲ, ಎಲ್ಲಾ ಪ್ರೇಮಿಗಳೂ ಅನ್ನೋದು ಅದೇ. ಅಲ್ಲೇ ಇರೋದು ಕಿತಾಪತಿ. ಹಾಡು ಬರ್ದ ಆ ಇಬ್ರು ಆ ಮಾತನ್ನ ಅಕ್ಷರಶಃ ಹಿಡ್ಕೊಂಡ್ಬಿಟ್ರು. ಸಾಯೋವರೆಗೂ ಅಂದ್ಯಾ, ಸರಿ, ಹಾಗಾದ್ರೆ ನಿಲ್ಸೋ ದಿನಾನೂ ಒಂದು ಬರುತ್ತಲ್ಲ, ಆ ದಿನ ತೋರಿಸ್ತೀವಿ ಅಂದ್ರು. ಆ ಮೊದಲ್ನೇ ಸಾಲು ಬಿಟ್ರೆ ಸಾಯೋದು ಅನ್ನೋ ಪದ ಹಾಡಲ್ಲಿ ಮತ್ತೆಲ್ಲೂ ಬರಲ್ಲ, ಸತ್ತ ಅಂತ ಯಾರೂ ಹೇಳಲ್ಲ. ಬಾಗ್ಲಿಗೆ ಹೂವಿನ ಚಕ್ರ ಹಾಕಿದ್ದಾರೆ, ಇನ್ನೇನ್ ಎತ್ಕೊಂಡ್ ಹೋಗ್ತಾರೆ, ಅಷ್ಟೇ.

ಇನ್ನು ನೆನಪು. ನೀನು ನೆನಪು ಅನ್ನೋ ಪದಾನ ಹನ್ನೊಂದ್ ಸಲ ಬಳ್ಸಿದ್ದೀಯ, ಪೆನ್ಸಿಲ್ ಇಟ್ಕೊಂಡು ಎಣಿಸ್ದೆ. ಅವರ ಹಾಡಲ್ಲಿ ಇರೋದು ಗೋಡೆ ಮೇಲೆ ಅವಳ ಫೋಟೋ, ಹಾಸಿಗೆ ಪಕ್ಕ ಒಂದಿಷ್ಟು ಕಾಗದ. ಆ ಕಾಗದಗಳ ಮೇಲೆ ಇಸವಿ 1962. ಅದ್ರಲ್ಲಿ ಎಲ್ಲೆಲ್ಲಿ ಐ ಲವ್ ಯೂ ಇದೆಯೋ ಅಲ್ಲೆಲ್ಲಾ ಕೆಂಪಲ್ಲಿ ಅಡಿಗೆರೆ ಎಳ್ದಿದ್ದಾನೆ. ಹಾಡು ಬಂದಿದ್ದು 1980, ಹದಿನೆಂಟ್ ವರ್ಷದ ಹಳೇ ಕಾಗದ, ಲೆಕ್ಕ ಕೇಳೋನೇ ಮಾಡ್ಕೋತಾನೆ. ಕೆಂಪು ಪೆನ್ನು ಹಿಡ್ಕೊಂಡು ಒಬ್ನೇ ಕೂತು ಮೇಷ್ಟ್ರು ಉತ್ತರಪತ್ರಿಕೆ ತಿದ್ದೋ ಥರ ಗೆರೆ ಎಳೀತಿರೋ ಗಂಡ್ಸು ಕಣ್ಮುಂದೆ ಬರ್ತಾನೆ, ಅವನಿಗೆ ದುಃಖ ಆಗಿದೆ ಅಂತ ಬೇರೆ ಹೇಳ್ಬೇಕಾ?

ಹಾಡೋನು ಪ್ರೇಮಿ ಅಲ್ಲ ಅನ್ನೋದನ್ನೂ ಗಮನ್ಸು. ಪಕ್ಕದಲ್ಲಿ ನಿಂತು ನೋಡಿದ ಸ್ನೇಹಿತ. ನಡುವೆ ಒಂದ್ಕಡೆ ಹಾಡೋದನ್ನೇ ಬಿಟ್ಟು ಬರೀ ಮಾತಾಡ್ತಾನೆ: ಅವಳು ಕೊನೇ ಸಲ ನೋಡಕ್ ಬಂದ್ಲು, ಬರ್ತಾಳೋ ಇಲ್ವೋ ಅಂತ ನಮಗೆಲ್ಲಾ ಇತ್ತು ಅಂತ. ಸಾವಿನ ಮನೆ ಜಗುಲಿ ಮೇಲೆ ಜನ ಪಿಸುಗುಟ್ಟೋ ದನೀಲಿ. ಈ ಭಾಗ ಮೊದ್ಲು ಇರ್ಲಿಲ್ಲ. ಪ್ರೊಡ್ಯೂಸರ್ ಬಿಲ್ಲಿ ಶೆರಿಲ್, ಅವಳು ಅಂತ್ಯಸಂಸ್ಕಾರಕ್ಕೆ ಬರೋದು ಬೇಕೇ ಬೇಕು ಅಂತ ಪಟ್ಟು ಹಿಡ್ದು ಮತ್ತೆ ಮತ್ತೆ ಬರೆಸ್ದ. ಬರ್ದ ಇಬ್ರೂ ಆಗ್ಲೇ ಪಳಗಿದ ಕೈಗಳು, ಆದ್ರೂ ತಿದ್ದಿದ್ರು. ನೀನು ನಾನು ಒಂದ್ ಸಾಲು ಬದಲಾಯ್ಸು ಅಂದ್ರೆ ಮುಖ ಊದಿಸ್ಕೋತೀವಿ. (ನಾನೂ ಒಂದ್ಸಲ ಒಬ್ಬ ಸಂಗೀತ ನಿರ್ದೇಶಕರ ಹತ್ರ ಹಾಳೆ ಕಿತ್ಕೊಂಡು ಎದ್ಬಂದಿದ್ದೆ. ಅವರು ಹೇಳಿದ್ದೇ ಸರಿ ಅಂತ ಬಸ್ ಸ್ಟ್ಯಾಂಡಲ್ಲೇ ಗೊತ್ತಾಯ್ತು, ಆದ್ರೆ ವಾಪಸ್ ಹೋಗಕ್ಕೆ ಜಂಬ.)

ಜೋನ್ಸ್‌ಗಂತೂ ಹಾಡು ಹಿಡಿಸ್ಲೇ ಇಲ್ಲ. ಇಷ್ಟೊಂದು ಸಾವಿನ ಗೋಳು ಯಾರ್ ಕೊಂಡ್ಕೋತಾರೆ ಅಂದಿದ್ದ. ಆಗ ಅವನು ಕುಡಿತ, ಕೊಕೇನು ಅಂತ ಮುಳುಗಿದ್ದ ಕಾಲ, ಮಾತಾಡೋ ಆ ಸಾಲುಗಳು ನಾಲಿಗೆ ತೊದಲದೆ ಬರೋದೇ ಕಷ್ಟ ಆಗಿತ್ತು ಅಂತ ಶೆರಿಲ್ ಆಮೇಲೆ ಹೇಳ್ಕೊಂಡಿದ್ದಾನೆ. ಆದ್ರೆ ಅದೇ ವರ್ಷ ಜುಲೈ ಹೊತ್ಗೆ ಹಾಡು ಕಂಟ್ರಿ ಚಾರ್ಟಲ್ಲಿ ನಂಬರ್ ಒನ್. ಗ್ರ್ಯಾಮಿ ಬಂತು. 2013ರಲ್ಲಿ ಜೋನ್ಸ್ ತೀರ್ಕೊಂಡಾಗ ನ್ಯಾಶ್‌ವಿಲ್ಲಲ್ಲಿ ಇನ್ನೊಬ್ಬ ಕಂಟ್ರಿ ಗಾಯಕ ಅಲನ್ ಜಾಕ್ಸನ್ ಎದ್ದು ನಿಂತು ಹಾಡಿದ್ದು ಇದೇ ಹಾಡು.

ಈಗ ನಿನ್ನ ಹೆಲ್ಮೆಟ್‌ಗೆ ಬರೋಣ. ನಿನ್ನ ಕೆಂಪು ಗೆರೆ ಅದೇ ಕಣೋ, ಎರಡನೇ ಚರಣದಲ್ಲಿ ಅರ್ಧ ಸಾಲು ತೋರ್ಸಿ ಮತ್ತೆ ನೆನಪಿನ ಮಳೆಗೆ ಓಡೋಗಿದ್ದೀಯ. ಹಾಗೆ ಬಿಟ್ಟೋಗ್ಬೇಡ. ಸಾಯೋವರೆಗೂ ಮರೆಯಲ್ಲ ಅಂತ ಪಲ್ಲವೀಲಿ ಸಾಲ ಎತ್ತಿದ್ದೀಯಲ್ಲ, ಅದನ್ನ ಈ ಪಟ್ಟೀಲೇ ತೀರಿಸ್ಬೇಕು. ನೀನೇ ಸಾಯ್ಬೇಕು ಅಂತಿಲ್ಲ ಮತ್ತೆ, ಅವರ ಉಪಾಯ ಕದ್ರೆ ಗೊತ್ತಾಗೋಗುತ್ತೆ. ನನ್ ಪ್ರಶ್ನೆ ಸಣ್ದು: ಅವಳು ಹೋದ್ಮೇಲೆ ನಿನ್ನ ಬೈಕ್ ಹಿಂದೆ ಯಾರೂ ಕೂತೇ ಇಲ್ವಾ? ಅಮ್ಮನ್ನ ಸಂತೆಗೆ ಕರ್ಕೊಂಡ್ ಹೋಗೋವಾಗ, ತಂಗೀನ ಎಕ್ಸಾಮ್‌ಗೆ ಬಿಡೋವಾಗ ಅವರಿಗೆ ಯಾವ ಹೆಲ್ಮೆಟ್ ಕೊಟ್ಟೆ? ಪಟ್ಟಿ ಸಡಿಲ ಮಾಡಿದ್ಯಾ, ಇಲ್ಲ ಬಿಗಿಯಾದ್ರೂ ಪರ್ವಾಗಿಲ್ಲ ಹಾಕ್ಕೋ ಅಂದ್ಯಾ? ಅಮ್ಮ ಏನಂದ್ರು?

ಅದನ್ನ ಬರ್ದು ಮುಂದಿನ ಭಾನುವಾರದೊಳಗೆ ಕಳ್ಸು. ಫೋನ್ ಮಾಡೋದಾದ್ರೆ ರಾತ್ರಿ ಒಂಬತ್ತರ ಮೇಲೆ ಬೇಡ, ನಿನ್ನ ಅತ್ತಿಗೆ ಸೀರಿಯಲ್ ಮುಗ್ಸಿ ಮಲಗೋ ಹೊತ್ತು.

ನಿನ್ನ,
ಅಣ್ಣ