ಎಡಗೈ ತಾನಾಗಿ ಬಂದ ಶನಿವಾರ

ಹೋದ ಶನಿವಾರ ರಾತ್ರಿ, ಹದಿನಾಲ್ಕು ತಿಂಗಳಾದ ಮೇಲೆ, ಮತ್ತೆ ಕೆರಿಸ್, ಅಂದರೆ ಮಲಯ ಜನರ ಚೂರಿ, ಹಿಡಿದೆ. ಮರದ್ದು, ನಿಜವಾದದ್ದಲ್ಲ. ಆದರೂ ಮನೆಗೆ ಬಂದು ಮಲಗಿದರೆ ನಿದ್ದೆಯೇ ಹತ್ತಲಿಲ್ಲ. ಒಬ್ಬೊಬ್ಬರಿಗೇ ಥ್ಯಾಂಕ್ಸ್ ಮೆಸೇಜ್ ಹಾಕೋಣ ಅಂತ ಕೂತೆ. ಪಟ್ಟಿ ಉದ್ದ ಆಯಿತು, ಅದಕ್ಕೇ ಎಲ್ಲ ಇಲ್ಲೇ ಬರೆಯುತ್ತಿದ್ದೇನೆ.

ಗೊತ್ತಿಲ್ಲದವರಿಗೆ ಹೇಳಿಬಿಡುತ್ತೇನೆ. ನಾವಿರೋದು ಮಲೇಷ್ಯಾದ ಷಾ ಆಲಂನಲ್ಲಿ. ಮಗಳನ್ನು ಸಿಲಾತ್ ಕ್ಲಾಸಿಗೆ ಬಿಟ್ಟು, ಹೊರಗೆ ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂತು ಕೂತು ಬೇಜಾರಾಗಿ ಸೇರಿಕೊಂಡವಳು ನಾನು. ಅವಳು ಆರೇ ತಿಂಗಳಿಗೆ ಬಿಟ್ಟಳು, ನಾನು ಉಳಿದೆ. ಮಲಯ ಜನರ ಹಳೇ ಕಾಳಗದ ವಿದ್ಯೆ ಇದು. 2019ರಲ್ಲಿ ಯುನೆಸ್ಕೊ ಪರಂಪರೆಯ ಪಟ್ಟಿಗೂ ಸೇರಿದೆ. ಇದನ್ನು ಹೇಳಿದ ಮೇಲೇ ಅಮ್ಮ "ಹಾಗಾದ್ರೆ ಸರಿ" ಅಂದಿದ್ದು. ಅಲ್ಲಿವರೆಗೆ ಫೋನ್ ಮಾಡಿದಾಗೆಲ್ಲ "ಕತ್ತಿ ತಿರುಗಿಸೋಕೆ ಅಷ್ಟು ದೂರ ಹೋಗಬೇಕಿತ್ತೇನೇ?" ಅನ್ನುತ್ತಿದ್ದರು.

ಆಮೇಲೆ ಎಡಭುಜ ಹಿಡಿದುಕೊಂಡಿತು. ಬಿದ್ದಿಲ್ಲ, ಏಟು ತಿಂದಿಲ್ಲ. ಒಂದು ಬೆಳಿಗ್ಗೆ ಜಡೆ ಹಾಕಿಕೊಳ್ಳಲು ಕೈ ಎತ್ತಿದರೆ ಕಿವಿಯ ಹತ್ತಿರವೂ ಬರಲಿಲ್ಲ. ಮೊದಲು ಹೋದ ಕ್ಲಿನಿಕ್ಕಿನಲ್ಲಿ ಉಳುಕು ಅಂತ ಹೇಳಿ, ಕೈಗೆ ಜೋಲಿ ಕಟ್ಟಿ, ಮೂರು ವಾರ ಅಲ್ಲಾಡಿಸಬೇಡಿ ಅಂದರು. ಹೇಳಿದ ಮಾತು ಕೇಳಿಕೊಂಡು ಸುಮ್ನೆ ಕೂತೆ. ಕೈ ಮರದ ಕೊರಡಾಯಿತು. ಅದು ಫ್ರೋಜನ್ ಶೋಲ್ಡರ್, ಅಂದರೆ ಭುಜದ ಕೀಲು ಬಿಗಿದುಕೊಳ್ಳುವ ತೊಂದರೆ, ಅಂತ ಗೊತ್ತಾಗಿದ್ದು ಎರಡನೇ ಕಡೆ ಹೋದ ಮೇಲೆ. ನಲವತ್ತು ದಾಟಿದ ಹೆಂಗಸರಿಗೆ, ಥೈರಾಯ್ಡ್, ಸಕ್ಕರೆ ಕಾಯಿಲೆ ಇರುವವರಿಗೆ ಇದು ಜಾಸ್ತಿಯಂತೆ. ಸಕ್ಕರೆ ಒಂದನ್ನು ಬಿಟ್ಟು ಉಳಿದೆರಡೂ ನನಗೆ ಇವೆ.

"ಕತ್ತಿ ಹಿಡಿಯೋದು ಬಲಗೈಲಿ ಅಲ್ವಾ? ಎಡಗೈಗೆ ಏನಾದ್ರೆ ಏನಂತೆ?" ಅಂತ ಎಷ್ಟು ಜನ ಕೇಳಿದರೋ! ನಿಜ ಹೇಳಬೇಕೆಂದರೆ ನಾನೂ ಮೊದಲು ಹಾಗೇ ಅಂದುಕೊಂಡಿದ್ದೆ. ಕೆರಿಸ್ ಕೊಚ್ಚುವ ಕತ್ತಿಯಲ್ಲ, ತಿವಿಯುವ ಕತ್ತಿ. ಅದರ ಹಿಡಿ ಅಲಗಿಗೆ ನೆಟ್ಟಗೆ ಇರದೆ ಪಿಸ್ತೂಲಿನ ಹಿಡಿಯ ಹಾಗೆ ಬಾಗಿರುತ್ತದೆ. ಬಲಗೈ ತಿವಿಯುವಾಗ ಎಡಗೈ ಎದೆಯ ಮುಂದೆ ಕಾವಲು ನಿಲ್ಲಬೇಕು. ಎದುರಿನವರ ಕೈ ಸರಿಸೋದು, ಮಣಿಕಟ್ಟು ಹಿಡಿಯೋದು, ಕೆಲವೊಮ್ಮೆ ಒರೆಯನ್ನೇ ಹಿಡಿದು ಏಟು ತಡೆಯೋದು, ಎಲ್ಲ ಎಡಗೈ ಪಾಲಿನ ಕೆಲಸ. ನನ್ನದು ತೊಡೆಯ ಪಕ್ಕ ನೇತಾಡುತ್ತಿತ್ತು.

ಮೊದಲ ನಮಸ್ಕಾರ ನಮ್ಮ ಚಿಕ್ಗು ಅವರಿಗೆ. ಚಿಕ್ಗು ಅಂದರೆ ಮೇಷ್ಟ್ರು. 'ಎಂಚಿಕ್' ಅಂದರೆ ಶ್ರೀಯುತರು, ಅದಕ್ಕೆ ನಮ್ಮ 'ಗುರು' ಸೇರಿ ಆದ ಪದ. ಅಷ್ಟೂ ತಿಂಗಳಲ್ಲಿ ಅವರು ಒಮ್ಮೆಯೂ "ಯಾವಾಗ ಬರುತ್ತೀರಿ?" ಅಂತ ಕೇಳಲಿಲ್ಲ. ತಿಂಗಳಿಗೊಂದು ಮೆಸೇಜ್ ಬರುತ್ತಿತ್ತು: "ಬಾಹು ಮಾಚಂ ಮಾನ?" ಭುಜ ಹೇಗಿದೆ ಅಂತ. ಅವರಿಗೆ ಬಾಹು ಅಂದರೆ ಭುಜ, ನಮಗೆ ತೋಳು. ನನಗೆ ಎರಡೂ ಕೆಟ್ಟಿದ್ದವು, ಆದ್ದರಿಂದ ಪ್ರಶ್ನೆ ಹೇಗೆ ಓದಿಕೊಂಡರೂ ಉತ್ತರ ಒಂದೇ.

ವಾಪಸ್ ಹೋದ ದಿನ ಅವರು ಕೆರಿಸ್ ಕೊಡಲಿಲ್ಲ. "ಮೊದಲು ಬುಂಗಾ" ಅಂದರು. ಬುಂಗಾ ಅಂದರೆ ಹೂವು, ಬುವಾ ಅಂದರೆ ಹಣ್ಣು. ಕುಣಿತದ ಹಾಗೆ ಕಾಣುವ ನಿಧಾನದ ಚಲನೆಗಳು ಹೂವು, ಅದರೊಳಗಿಂದ ಬರುವ ಏಟು, ಪಟ್ಟು ಹಣ್ಣು. ಹತ್ತು ವರ್ಷದ ಮಕ್ಕಳ ಸಾಲಿನಲ್ಲಿ ನಿಂತು ಒಂದು ತಿಂಗಳು ಬರೀ ಹೂವು. ಸ್ವಲ್ಪ ಸಿಟ್ಟು ಬಂದಿತ್ತು, ಸುಳ್ಳು ಹೇಳೋದಿಲ್ಲ.

ಆಗ ಕೈ ಹಿಡಿದವರು ಕಾಕ್ ಲೋಂಗ್, ಅಂದರೆ ದೊಡ್ಡಕ್ಕ. ಕ್ಲಾಸಿನಲ್ಲಿ ಎಲ್ಲರಿಗೂ ಅವರು ದೊಡ್ಡಕ್ಕನೇ. ಬೆಳಿಗ್ಗೆ ನಾಸಿ ಲೆಮಾಕ್ (ತೆಂಗಿನ ಹಾಲಿನಲ್ಲಿ ಬೇಯಿಸಿದ ಅನ್ನ) ಮಾರುತ್ತಾರೆ, ರಾತ್ರಿ ಬಂದು ನಮಗೆಲ್ಲ ಪಟ್ಟು ಹಾಕುತ್ತಾರೆ. ಒಂದು ದಿನ ಚೀಲದಿಂದ ಬಾಟಿಕ್ ಸರೋಂಗ್ (ಲುಂಗಿಯಂಥ ಬಟ್ಟೆ) ತೆಗೆದು, ಉದ್ದಕ್ಕೆ ಸುತ್ತಿ, ಎರಡೂ ತುದಿ ನನ್ನ ಕೈಗೆ ಕೊಟ್ಟರು. ಸಿಲಾತಿನಲ್ಲಿ ಬಟ್ಟೆಯೂ ಆಯುಧವೇ. ಬರುವ ಕೈಯನ್ನು ಅದರಲ್ಲಿ ಸುತ್ತಿ ಎಳೆದರೆ ಚೂರಿ ಹಿಡಿದವನೂ ಬಗ್ಗಬೇಕು. ತಲೆಯ ಮೇಲಿಂದ ಬೆನ್ನಿಗೆ ತಾ, ಸೊಂಟದಿಂದ ಮೇಲೆ ಎಳಿ, ಬಲಗೈ ಎಡಗೈಯನ್ನು ಕರೆದುಕೊಂಡು ಹೋಗಲಿ ಅಂತ ಮಾಡಿಸಿದರು. ನನಗೆ ನಗು ಬಂತು. ಫಿಸಿಯೋ ಹುಡುಗಿ ಟವಲ್ ಕೊಟ್ಟು ಮಾಡಿಸುತ್ತಿದ್ದದ್ದೂ ಅದೇ! ಅವಳಿಗೂ ಒಂದು ದೊಡ್ಡ ಥ್ಯಾಂಕ್ಸ್. ನಾನು ಕಿರುಚಿದಾಗೆಲ್ಲ "ಇನ್ನೂ ಐದು" ಅಂದವಳು ಅವಳು.

ಇನ್ನು ಮನೆಯವರು. ಬೆರಳು ನಡೆಸುತ್ತಾ ಗೋಡೆ ಹತ್ತಿಸುವ ವ್ಯಾಯಾಮಕ್ಕೆ ಫ್ರಿಜ್ ಪಕ್ಕದ ಗೋಡೆಯಲ್ಲಿ ಪ್ರತಿ ಭಾನುವಾರ ಪೆನ್ಸಿಲ್ಲಿನಲ್ಲಿ ಗೆರೆ ಎಳೆದು ತಾರೀಕು ಬರೆದರು. ಮೊದಲ ಗೆರೆ ಸ್ವಿಚ್ ಬೋರ್ಡಿನ ಕೆಳಗಿದೆ. ನಡುವೆ ಒಂದೇ ಜಾಗದಲ್ಲಿ ಆರು ಗೆರೆ, ಒಂದರ ಮೇಲೊಂದು ಕೂತು ಕರಿ ಪಟ್ಟಿಯಾಗಿದೆ. ಆ ಆರು ವಾರ ನಾನು ಯಾರ ಜೊತೆಗೂ ಸರಿಯಾಗಿ ಮಾತಾಡಿಲ್ಲ. ಕಡೆಯ ಗೆರೆ ಕ್ಯಾಲೆಂಡರ್ ಮೊಳೆಯ ಹತ್ತಿರ. ಬಾಡಿಗೆ ಮನೆ, ಬಿಡುವಾಗ ಬಣ್ಣ ಹೊಡೆಸಿ ಕೊಡಬೇಕು. ಮಗಳು ದಿನಾ ಬೆಳಿಗ್ಗೆ ಬೈದುಕೊಂಡೇ ನನಗೆ ಜಡೆ ಹಾಕಿದಳು. ಬೈಗುಳಕ್ಕೂ ಸೇರಿಸಿ ಥ್ಯಾಂಕ್ಸ್ ಪುಟ್ಟಿ.

ಶನಿವಾರ ನನ್ನ ಜೊತೆಗಾತಿ ಒಬ್ಬ ಕಾಲೇಜು ಹುಡುಗಿ. ಮೂರು ಸಲ ಮೊಟ್ಟೆಗೆ ತಿವಿದ ಹಾಗೆ ಮೆಲ್ಲಗೆ ತಿವಿದಳು. ಹಿಂದೆ ನಿಂತಿದ್ದ ಚಿಕ್ಗು, ಪಾಪ ಅನ್ನಬೇಡ, ಸರಿಯಾಗಿ ತಿವಿ ಅಂದರು. ನಾಲ್ಕನೇ ಸಲ ತುದಿ ನೇರ ಎದೆಗೆ ಬಂತು. ನಾನು ಏನೂ ಯೋಚನೆ ಮಾಡಲಿಲ್ಲ. ಎಡಗೈ ತಾನಾಗಿ ಎದ್ದು ಅವಳ ಮಣಿಕಟ್ಟು ಸರಿಸಿತ್ತು. ಐದನೇ ಸಲ ತಪ್ಪಿ ಕೊರಳೆಲುಬಿಗೆ ಬಿತ್ತು ಅನ್ನೋದು ಬೇರೆ ಮಾತು, ಇನ್ನೂ ನೀಲಿಯಾಗಿದೆ.

ಕಾಕ್ ಲೋಂಗ್, ಈ ಅಕ್ಷರ ನಿಮಗೆ ಓದಲು ಬರಲ್ಲ, ಶನಿವಾರ ಬಾಯಲ್ಲೇ ಹೇಳುತ್ತೇನೆ. ನಿಮ್ಮ ಸರೋಂಗ್ ಇನ್ನೂ ನಮ್ಮ ಮನೆಯಲ್ಲೇ ಇದೆ. ಒಗೆದು ಮಡಿಸಿಟ್ಟಿದ್ದೇನೆ. ಅಂಚಿನಲ್ಲಿ ಬಿದ್ದ ಅರಿಶಿನದ ಕಲೆ ಮಾತ್ರ ಎಷ್ಟು ತಿಕ್ಕಿದರೂ ಹೋಗಲಿಲ್ಲ.