ವೈಫೈ ಲ್ಯಾಪ್‌ಟಾಪಿಗೆ ‘ಬ್ರಿಡ್ಜ್ಡ್’ ಒಂದೇ ದಾರಿಯಲ್ಲ

ಮಾನ್ಯ ಸಂಪಾದಕರೇ,

ವರ್ಚುವಲ್ ಮಷೀನನ್ನು (ವಿಎಂ, ಅಂದರೆ ಕಂಪ್ಯೂಟರಿನೊಳಗೆ ತಂತ್ರಾಂಶದಿಂದ ನಡೆಯುವ ಇನ್ನೊಂದು ಕಂಪ್ಯೂಟರ್) ಮನೆಯ ನೆಟ್‌ವರ್ಕಿಗೆ ಸೇರಿಸುವ ಬಗ್ಗೆ ತಮ್ಮ ತಂತ್ರಜ್ಞಾನ ಪುಟದಲ್ಲಿ ಬಂದ ಬರಹ, ನ್ಯಾಟ್ ತೆಗೆದು ಬ್ರಿಡ್ಜ್ಡ್ ಅಡಾಪ್ಟರ್ ಆರಿಸಿಕೊಳ್ಳಿ ಎಂದಷ್ಟೇ ಹೇಳಿ ಮುಗಿದಿದೆ. ನ್ಯಾಟ್ ಎಂದರೆ ವಿಎಂ ತಾನಿರುವ ಅಸಲಿ ಕಂಪ್ಯೂಟರಿನ (ಹೋಸ್ಟ್) ಹಿಂದೆ ನಿಂತು ಅದರ ವಿಳಾಸದಲ್ಲೇ ನೆಟ್‌ವರ್ಕ್ ಬಳಸುವುದು; ಬ್ರಿಡ್ಜ್ಡ್ ಎಂದರೆ ಬೇರೊಂದು ಸಾಧನದಂತೆ ನೇರ ಮನೆಯ ನೆಟ್‌ವರ್ಕಿಗೆ ಸೇರುವುದು. ಕೇಬಲ್ ಹಾಕಿದ ಕಂಪ್ಯೂಟರಿಗೆ ಇಷ್ಟು ಸಾಕು. ವೈಫೈ ಲ್ಯಾಪ್‌ಟಾಪಿನಲ್ಲಿ ಹೀಗೆ ಮಾಡಿದರೆ ಎಷ್ಟೋ ಸಲ ವಿಎಂಗೆ ಇದ್ದ ಇಂಟರ್ನೆಟ್ಟೂ ಹೋಗುತ್ತದೆ.

ಪಾಸ್‌ವರ್ಡ್ ಕೊಟ್ಟು ಸೇರಿಕೊಂಡ ಸಾಧನದ ಮ್ಯಾಕ್ ವಿಳಾಸದಿಂದ (ನೆಟ್‌ವರ್ಕ್ ಕಾರ್ಡಿನ ಗುರುತುಸಂಖ್ಯೆ) ಬಂದ ಪ್ಯಾಕೆಟ್‌ಗಳನ್ನು, ಅಂದರೆ ದತ್ತಾಂಶದ ತುಣುಕುಗಳನ್ನು ಮಾತ್ರ ವೈಫೈ ರೌಟರ್ ಒಪ್ಪುತ್ತದೆ. ವಿಎಂಗೆ ತನ್ನದೇ ಬೇರೆ ಮ್ಯಾಕ್ ಇರುತ್ತದೆ. ವಿಎಂ ನಡೆಸುವ ವರ್ಚುವಲ್‌ಬಾಕ್ಸ್ ತಂತ್ರಾಂಶದ್ದಾದರೆ 08:00:27ರಿಂದ ಶುರು. ರೌಟರಿಗೆ ಅದು ಗುರುತಿಲ್ಲದ ಆಸಾಮಿ. ಪ್ಯಾಕೆಟ್ ಹೊರಡುವಾಗ ವೈಫೈ ಕಾರ್ಡಿನ ಮ್ಯಾಕನ್ನೇ ಅಂಟಿಸಿ ವರ್ಚುವಲ್‌ಬಾಕ್ಸ್ ಈ ತೊಡಕು ದಾಟಲು ನೋಡುತ್ತದೆ. ಕೆಲವು ಡ್ರೈವರ್‌ಗಳಲ್ಲಿ ಇದು ನಡೆಯುತ್ತದೆ, ಕೆಲವದರಲ್ಲಿ ಇಲ್ಲ. ಲಿನಕ್ಸಿನದೇ ವಿಎಂ ವ್ಯವಸ್ಥೆಯಾದ ಕೆವಿಎಂನಲ್ಲಂತೂ ವೈಫೈ ಕಾರ್ಡನ್ನು ಬ್ರಿಡ್ಜಿಗೆ ಸೇರಿಸಲು ಹೋದರೆ ಸಾಮಾನ್ಯವಾಗಿ ಲಿನಕ್ಸಿನ ತಿರುಳಾದ ಕರ್ನಲ್ಲೇ ಬಿಡುವುದಿಲ್ಲ.

ಮನೆಯಲ್ಲಿ ಹೆಚ್ಚಿನವರಿಗೆ ಬೇಕಾದದ್ದು ವಿಎಂನ ಒಂದೆರಡು ಸೇವೆ ಹೊರಗಿನಿಂದ ಸಿಗುವುದಷ್ಟೆ. ಅದಕ್ಕೆ ನ್ಯಾಟ್ ಬಿಡಬೇಕಾಗಿಲ್ಲ. ವರ್ಚುವಲ್‌ಬಾಕ್ಸಿನ ನ್ಯಾಟ್‌ನಲ್ಲಿ ವಿಎಂಗೆ ಸಾಮಾನ್ಯವಾಗಿ 10.0.2.15 ವಿಳಾಸ ಸಿಗುತ್ತದೆ. ಅದಕ್ಕೆ ಹೋಸ್ಟ್ ಕಂಪ್ಯೂಟರಿನಿಂದಲೂ ಪಿಂಗ್ (ತಲುಪುತ್ತದೆಯೇ ಎಂಬ ಪರೀಕ್ಷೆ) ಹೋಗದು, ಗಾಬರಿ ಬೇಡ. ನೆಟ್‌ವರ್ಕ್ ಸೆಟ್ಟಿಂಗಿನ ಪೋರ್ಟ್ ಫಾರ್ವರ್ಡಿಂಗ್‌ನಲ್ಲಿ (ಹೋಸ್ಟಿನ ಒಂದು ಪೋರ್ಟಿಗೆ ಬಂದದ್ದನ್ನು ವಿಎಂಗೆ ದಾಟಿಸುವ ವ್ಯವಸ್ಥೆ) ಟಿಸಿಪಿ, ಹೋಸ್ಟ್ ಪೋರ್ಟ್ 2222, ಗೆಸ್ಟ್ (ಅಂದರೆ ವಿಎಂ) ಪೋರ್ಟ್ 22 ಎಂದು ತುಂಬಿ, ಐಪಿ ಕಾಲಂಗಳನ್ನು ಖಾಲಿ ಬಿಡಿ. ಬಳಿಕ ಮನೆಯ ಯಾವುದೇ ಕಂಪ್ಯೂಟರಿನಿಂದ ಲ್ಯಾಪ್‌ಟಾಪಿನ ಐಪಿಗೆ, 2222 ಪೋರ್ಟಿನಲ್ಲಿ ಎಸ್‌ಎಸ್‌ಎಚ್ (ದೂರದಿಂದ ಆದೇಶ ಕೊಡುವ ಸಂಪರ್ಕ) ಮಾಡಬಹುದು. ವೆಬ್ ಸರ್ವರಿಗೆ 8080ರಿಂದ 80. ಲಿನಕ್ಸ್ ಹೋಸ್ಟಿನಲ್ಲಿ 1024ಕ್ಕಿಂತ ಕೆಳಗಿನ ಪೋರ್ಟುಗಳು ಸಾಮಾನ್ಯ ಬಳಕೆದಾರರಿಗೆ ಸಿಗುವುದಿಲ್ಲ. ವಿಂಡೋಸಿನಲ್ಲಿ ಫೈರ್‌ವಾಲ್ ಅನುಮತಿ ಕೇಳಿದಾಗ ‘ಬೇಡ’ ಒತ್ತಿದ್ದರೆ ಮೊದಲು ಅದನ್ನು ಸರಿಪಡಿಸಿ.

ಟಿವಿ, ಪ್ರಿಂಟರುಗಳನ್ನು ತಾನಾಗಿ ಹುಡುಕುವ ತಂತ್ರಾಂಶ ಮಾತ್ರ ನ್ಯಾಟ್ ಹಿಂದೆ ಕುರುಡು. ಅಲ್ಲಿ ಬ್ರಿಡ್ಜ್ ಬೇಕೇ ಬೇಕು, ಕೇಬಲ್ ಎಳೆಯುವುದೇ ಮೇಲು. ಬ್ರಿಡ್ಜ್ ಮಾಡುವಾಗ ಅಡಾಪ್ಟರ್ ಪಟ್ಟಿಯಲ್ಲಿ ವಿಪಿಎನ್, ಬ್ಲೂಟೂತ್‌ಗಳೂ ಇರುತ್ತವೆ, ನೋಡಿ ಆರಿಸಿ. ವಿಎಂಗೆ 169.254ರಿಂದ ಶುರುವಾಗುವ ವಿಳಾಸ ಬಂದಿದ್ದರೆ ರೌಟರಿನ ಡಿಎಚ್‌ಸಿಪಿ (ಐಪಿ ವಿಳಾಸ ಹಂಚುವ ಸೇವೆ) ಅದನ್ನು ತಲುಪಿಲ್ಲ ಎಂದರ್ಥ. ವಿಳಾಸ ಬದಲಾಗಬಾರದೆಂದರೆ ರೌಟರಿನಲ್ಲೇ ವಿಎಂನ ಮ್ಯಾಕಿಗೆ ಐಪಿ ಕಾಯ್ದಿರಿಸಿ.

ಬರಹದಲ್ಲಿ ವಿಎಂ ಕ್ಲೋನ್ (ನಕಲು) ಮಾಡುವ ಸಲಹೆಯೂ ಇತ್ತು. ಉಬುಂಟು ಸರ್ವರನ್ನು ಕ್ಲೋನ್ ಮಾಡುವಾಗ ಹೊಸ ಮ್ಯಾಕ್ ಆರಿಸಿದರೂ ಎರಡಕ್ಕೂ ಒಂದೇ ಐಪಿ ಬರಬಹುದು. ಉಬುಂಟು ಸರ್ವರ್ ಡಿಎಚ್‌ಸಿಪಿಗೆ ತೋರಿಸುವ ಗುರುತು ಮ್ಯಾಕ್ ಅಲ್ಲ, ಮಷೀನ್-ಐಡಿ ಎಂಬ ಫೈಲಿನಿಂದ ಹುಟ್ಟಿದ್ದು. ಕ್ಲೋನಿನಲ್ಲಿ ಆ ಫೈಲನ್ನು ಅಳಿಸದೆ, ಒಳಗಿನದನ್ನಷ್ಟೇ ಖಾಲಿ ಮಾಡಿ ರೀಬೂಟ್ ಮಾಡಿದರೆ ಹೊಸ ಗುರುತು ಹುಟ್ಟುತ್ತದೆ.

ಹಳೆಯ ‘ನುಡಿ’ ಕನ್ನಡ ತಂತ್ರಾಂಶ, ಟ್ಯಾಲಿಗಾಗಿ ವಿಂಡೋಸ್ ಎಕ್ಸ್‌ಪಿ ವಿಎಂ ಇಟ್ಟುಕೊಂಡವರು ಅದನ್ನು ಬ್ರಿಡ್ಜ್ ಮಾಡಲೇಬಾರದು. ಎಕ್ಸ್‌ಪಿಗೆ ಮೈಕ್ರೋಸಾಫ್ಟ್ ಬೆಂಬಲ 2014ರ ಏಪ್ರಿಲ್‌ನಲ್ಲೇ ನಿಂತಿದೆ. ಬ್ರಿಡ್ಜ್ ಮಾಡಿದರೆ ಮನೆಯ ಪ್ರತಿ ಸಾಧನಕ್ಕೂ ಅದು ನೇರ ತೆರೆದುಕೊಳ್ಳುತ್ತದೆ. ಅಂಥವರು ವಿಎಂನ ನೆಟ್‌ವರ್ಕ್ ಸೆಟ್ಟಿಂಗಿನಲ್ಲಿ ‘ಕೇಬಲ್ ಕನೆಕ್ಟೆಡ್’ ಗುರುತು ತೆಗೆದು, ಫೈಲುಗಳನ್ನು ಷೇರ್ಡ್ ಫೋಲ್ಡರಿನಲ್ಲಿ ಸಾಗಿಸಲಿ.

– ಒಬ್ಬ ನೆಟ್‌ವರ್ಕ್ ನಿರ್ವಾಹಕ, ಮೈಸೂರು