ಬರ್ತ್‌ಡೇ ಊಟ ಬೇಕಾದಷ್ಟುಂಟು, ರಾತ್ರಿ ನೋಡ್ಲಿಕ್ಕೆ ಜನ ಇಲ್ಲ

ಮಾನ್ಯ ಸಂಪಾದಕರೇ,

ಬೀದಿಯಲ್ಲಿ ಬಿದ್ದವರನ್ನು ಕರ್ಕೊಂಡು ಹೋಗಿ ಸಾಕುವ ಆಶ್ರಮಗಳ ಬಗ್ಗೆ ಪೇಪರಲ್ಲಿ ಬರುದು ಹೆಚ್ಚಾಗಿ ಫೋಟೋ ಮಾತ್ರ. ಯಾರದ್ದೋ ಮಗನ ಬರ್ತ್‌ಡೇ, ಯಾರದ್ದೋ ಅಪ್ಪನ ವರ್ಷಾಂತಿಕ, ಪಾತ್ರೆಗಳ ಹಿಂದೆ ಮನೆಯವ್ರೆಲ್ಲ ಸಾಲಾಗಿ ನಿಂತು ನಗ್ತಾ ಇರ್ತಾರೆ. ಊಟ ಕೊಡುದು ತಪ್ಪು ಅಂತ ನಾನು ಹೇಳುದಲ್ಲ ಮಾರಾಯ್ರೆ, ಅದೂ ಬೇಕು. ಆದ್ರೆ ಆದಿತ್ಯವಾರ ಎರಡು ಮೂರು ಕಡೆಯಿಂದ ಒಟ್ಟಿಗೆ ಊಟ ಬಂದು ಉಳಿದದ್ದನ್ನು ಎಂತ ಮಾಡುದು ಅಂತ ಆಗ್ತದೆ, ವಾರದ ಮಧ್ಯ ದೊಡ್ಡವರಿಗೆ ಹಾಕುವ ಡಯಾಪರ್ ಖಾಲಿ, ರಾತ್ರಿ ಪಾಳಿಗೆ ನಿಲ್ಲುವವರಿಗೆ ಕೊಡ್ಲಿಕ್ಕೆ ಸಂಬಳ ಇಲ್ಲ. ಡಯಾಪರಿನ ಎದುರು ನಿಂತು ಫೋಟೋ ತೆಗ್ಸಿಕೊಳ್ಳುವವರು ಯಾರೂ ಇಲ್ಲ, ಅಲ್ವಾ.

ನಮ್ಮ ಕಾಸರಗೋಡು ಜಿಲ್ಲೆಯ ಮಂಜೇಶ್ವರ ತಾಲೂಕಲ್ಲಿ ಪಾವೂರಿನ ಸ್ನೇಹಾಲಯ 2009ರಿಂದ ಈ ಕೆಲಸ ಮಾಡ್ತಾ ಉಂಟು. ಜೋಸೆಫ್ ಕ್ರಾಸ್ತಾ ಅವ್ರು ಶುರು ಮಾಡಿದ್ದು, ಉಪ್ಪಳದಿಂದ ಮಂಗ್ಳೂರಿನವರೆಗೆ ಹೆಸ್ರು ಕೇಳದವರು ಕಡಿಮೆ. ಅದಲ್ಲದೆ ಜಿಲ್ಲೆಯಲ್ಲಿ ಸದ್ದಿಲ್ಲದೆ ಹತ್ತಿಪ್ಪತ್ತು ಜನರನ್ನು ಇಟ್ಕೊಂಡು ನಡ್ಸುವ ಸಣ್ಣ ಸಣ್ಣ ಮನೆಗಳೂ ಉಂಟು. ಇವ್ರು ಮಾಡುವ ಕೆಲಸ ಎಂತದ್ದು ಅಂತ ಹತ್ತಿರದಿಂದ ನೋಡಿದವರಿಗೆ ಮಾತ್ರ ಗೊತ್ತು. ಬಸ್‌ಸ್ಟ್ಯಾಂಡಲ್ಲಿ ಸಿಕ್ಕಿದವನ ತಲೆಕೂದಲು ಜಡೆಗಟ್ಟಿರ್ತದೆ, ಮೈಯೆಲ್ಲ ಕಜ್ಜಿ, ಕಾಲಿನ ಗಾಯದಲ್ಲಿ ಹುಳ, ಹತ್ತಿರ ಹೋದ್ರೆ ಹೊಡೀಲಿಕ್ಕೆ ಬರ್ತಾನೆ. ಅವನನ್ನು ಮೀಸಿ, ಕೂದ್ಲು ತೆಗ್ದು, ಡಾಕ್ಟ್ರಿಗೆ ತೋರ್ಸಿ, ಹೊತ್ತು ಹೊತ್ತಿಗೆ ಮಾತ್ರೆ ನುಂಗ್ಸಿ, ವಾರಗಟ್ಲೆ ಆದ ಮೇಲೆ ಒಂದು ದಿನ ಅವನ ಬಾಯಿಂದ ಒಂದು ಊರಿನ ಹೆಸ್ರು ಬರ್ತದೆ. ಬಿಹಾರದ್ದೋ, ಒಡಿಶಾದ್ದೋ, ಒಂದೊಂದು ಸಲ ಇಲ್ಲೇ ಪುತ್ತೂರು ಸುಳ್ಯದ್ದೋ. ಮತ್ತೆ ಆ ಊರಿನ ಪೊಲೀಸ್ ಸ್ಟೇಷನ್ ಹುಡ್ಕಿ ಫೋನ್ ಮಾಡ್ಬೇಕು, ಅಲ್ಲಿ ಹಿಂದಿ ಮಾತಾಡುವವರು ಬೇಕು, ಮನೆಯವ್ರು ಸಿಕ್ಕಿದ್ರೆ ವೀಡಿಯೋ ಕಾಲಲ್ಲಿ ಮುಖ ತೋರ್ಸಬೇಕು, ಜೊತೆಗೊಬ್ಬನನ್ನು ಕಳ್ಸಿ ರೈಲಲ್ಲಿ ಮುಟ್ಟಿಸ್ಬೇಕು. ಮನೆ ಮುಟ್ಟಿದ ಮೇಲೆ ಮಾತ್ರೆ ನಿಂತ್ರೆ ಪುನಃ ಅದೇ ಕತೆ, ಪುನಃ ಯಾವುದೋ ರೈಲು. ಮಹಾರಾಷ್ಟ್ರದಲ್ಲಿ ಇದೇ ಕೆಲಸ ಮಾಡಿದ ಮನೋವೈದ್ಯ ಭರತ್ ವಾಟ್ವಾನಿಯವರಿಗೆ 2018ರಲ್ಲಿ ಮ್ಯಾಗ್ಸೆಸೆ ಪ್ರಶಸ್ತಿ ಸಿಕ್ಕಿತು, ಅಷ್ಟು ದೊಡ್ಡ ಕೆಲಸ ಇದು, ನಮ್ಮಲ್ಲಿ ಅದನ್ನು "ಪಾಪದವರಿಗೆ ಊಟ ಹಾಕುದು" ಅಂತ ಒಂದೇ ಮಾತಲ್ಲಿ ಮುಗ್ಸಿ ಬಿಡ್ತೇವೆ.

ಮನೆ ಇಲ್ಲದವ್ರು ಅಂದ್ರೆ ಎರಡು ಥರ, ಇದನ್ನು ಎಲ್ರೂ ಒಟ್ಟಿಗೆ ಕಲ್ಸಿ ಬಿಡ್ತಾರೆ. ಒಂದು, ಇಲ್ಲಿಯವರೇ, ಜಾಗ ಇಲ್ಲ, ಸೂರು ಇಲ್ಲ. ಅವರ ವಿಷಯದಲ್ಲಿ ನಮ್ಮ ಜಿಲ್ಲೆ ತಲೆ ಎತ್ತಿ ನಿಲ್ಲಬಹುದು. ಬದಿಯಡ್ಕ ಹತ್ತಿರದ ಕಿಳಿಂಗಾರಿನ ಸಾಯಿರಾಂ ಭಟ್ಟರು ಕಾಶಿಗೆ ಹೋಗ್ಲಿಕ್ಕೆ ಅಂತ ಇಟ್ಟ ದುಡ್ಡಲ್ಲಿ 1995ರಲ್ಲಿ ಮಳೆಗೆ ಮನೆ ಕಳ್ಕೊಂಡವರೊಬ್ಬರಿಗೆ ಮನೆ ಕಟ್ಟಿಸಿ ಕೊಟ್ಟದ್ದು, ಕಾಶಿಗೆ ಹೋಗುದು ಅಲ್ಲಿಗೇ ನಿಂತಿತು, 2022ರಲ್ಲಿ ತೀರಿಹೋಗುವಾಗ ಅವ್ರು ಕಟ್ಟಿಸಿದ ಮನೆ 250 ದಾಟಿತ್ತು, ಜಾತಿ ಮತ ಕೇಳ್ಳಿಲ್ಲ. ಮನೆ ಇಲ್ಲದವರಿಗೆ ಮನೆ ಕೊಡುವ ಕೇರಳ ಸರ್ಕಾರದ ಲೈಫ್ ಮಿಷನಲ್ಲೂ ಮನೆಗೆ 4 ಲಕ್ಷ ಸಿಕ್ತದೆ. ಆದ್ರೆ ಎರಡನೇ ಥರದವನಿಗೆ, ಅಂದ್ರೆ ಮನೋರೋಗದಿಂದ ಎಲ್ಲಿಂದಲೋ ಅಲೆದು ಬಂದವನಿಗೆ, ಇದ್ಯಾವುದೂ ಇಲ್ಲ. ರೇಷನ್ ಕಾರ್ಡ್ ಇಲ್ಲ, ಆಧಾರ್ ಇಲ್ಲ, ಕೆಲವು ಸಲ ತನ್ನ ಹೆಸ್ರೂ ಗೊತ್ತಿಲ್ಲ, ಅವನನ್ನು ಯಾವ ಲಿಸ್ಟಿಗೆ ಸೇರ್ಸುದು? 2025ರ ನವೆಂಬರ್ 1ಕ್ಕೆ ಕೇರಳ ಅತಿದಾರಿದ್ರ್ಯ ಮುಕ್ತ ಅಂತ ಘೋಷಣೆ ಆಯ್ತು, 64,006 ಕುಟುಂಬ ಗುರ್ತಿಸಿ ಸಹಾಯ ಮಾಡಿದ್ದಂತೆ, ಒಳ್ಳೆ ಕೆಲಸವೇ, ನಾನು ಕೊಂಕು ಮಾತಾಡುದಿಲ್ಲ. ಆದ್ರೆ ಅದು ಕುಟುಂಬಗಳ ಲೆಕ್ಕ. ನಿನ್ನೆ ರಾತ್ರಿ ರೈಲಿಳಿದು ಅಂಗಡಿ ಜಗಲಿಯಲ್ಲಿ ಮಲಗಿದವ ಆ ಲೆಕ್ಕಕ್ಕೆ ಬರುದಿಲ್ಲ.

ಮನೆ ಇಲ್ಲದವರಿಗೆ ರಾತ್ರಿ ಆಶ್ರಯ ಕೊಡುವ ಕೇಂದ್ರ ಸರ್ಕಾರದ ಸ್ಕೀಮ್ ಒಂದು ಇತ್ತಲ್ಲ ಅಂತ ಯಾರಾದ್ರು ಕೇಳಬಹುದು. ಅದರ ರೂಲು ನಗರದ 1 ಲಕ್ಷ ಜನಸಂಖ್ಯೆಗೆ ಒಂದು ಕೇಂದ್ರ ಅಂತ ಇದ್ದದ್ದು. ಕಾಸರಗೋಡು ನಗರಸಭೆಯ ಜನಸಂಖ್ಯೆಯೇ 2011ರ ಸೆನ್ಸಸಲ್ಲಿ 55 ಸಾವಿರದೊಳಗೆ, ಉಪ್ಪಳ ಕುಂಬಳೆ ಅಂತೂ ಪಂಚಾಯತು, ಹಾಗಾಗಿ ಈ ಲೆಕ್ಕ ಹಿಡ್ಕೊಂಡು ಕೂತ್ರೆ ನಮ್ಮ ಕಡೆಗೆ ಬರುದು ಸೊನ್ನೆ. ಮತ್ತೆ ಈ ಚರ್ಚೆ ಆಗುದೇ ಡೆಲ್ಲಿಯ ಡಿಸೆಂಬರ್ ಚಳಿ ನೋಡಿ. ನಮ್ಮದು ವರ್ಷಕ್ಕೆ 3,000 ಮಿಲ್ಲಿಮೀಟರಿಗಿಂತ ಮೇಲೆ ಮಳೆ ಬರುವ ಜಿಲ್ಲೆ, ಇಲ್ಲಿ ಹೊರಗೆ ಮಲಗುವವನ ಜೀವ ಹೋಗುದು ಜೂನ್ ಜುಲೈಯ ಮಳೆಯಲ್ಲಿ, ಆಟಿ (ತುಳುವಿನ ಮಳೆಗಾಲದ ತಿಂಗಳು) ತಿಂಗಳಲ್ಲಿ. ಒದ್ದೆ ಗಾಯ ಒಣಗ್ಲಿಕ್ಕೆ ಜಾಗ ಎಲ್ಲಿ?

ಇನ್ನೊಂದು ಬೇಜಾರಿನ ವಿಷಯ. ಈಗ ಕೆಲವ್ರು ಇಂಥವರನ್ನು ಕಾರಲ್ಲಿ ತಂದು ರಾತ್ರೋರಾತ್ರಿ ಆಶ್ರಮದ ಗೇಟಲ್ಲಿ ಬಿಟ್ಟು ಹೋಗ್ತಾರೆ, ಪುಣ್ಯ ಬಂತು ಅಂತ ಎಣ್ಸಿಕೊಂಡಿರಬೇಕು. ಪೊಲೀಸಿಗೆ ತಿಳ್ಸದೆ ಇಟ್ಕೊಂಡ್ರೆ ನಾಳೆ ಎಂತಾದ್ರು ಆದಾಗ ಸಿಕ್ಕಿಬೀಳುದು ಆಶ್ರಮದವ್ರು. 2017ರ ಮಾನಸಿಕ ಆರೋಗ್ಯ ಕಾಯ್ದೆಯ ಸೆಕ್ಷನ್ 100ರಲ್ಲಿ ಇದು ಸ್ಪಷ್ಟ ಉಂಟು: ಮನೋರೋಗದಿಂದ ಅಲೆದಾಡುವವ ಸಿಕ್ಕಿದ್ರೆ ಪೊಲೀಸ್ರು 24 ಗಂಟೆಯೊಳಗೆ ಹತ್ತಿರದ ಸರ್ಕಾರಿ ಆಸ್ಪತ್ರೆಗೆ ಕೊಂಡೋಗ್ಬೇಕು, ಲಾಕಪ್ಪಿಗೆ ಹಾಕ್ಲಿಕ್ಕಿಲ್ಲ, ಮನೆ ಇಲ್ಲದವನಾದ್ರೆ ಕಾಣೆಯಾದ ವ್ಯಕ್ತಿ ಅಂತ ಎಫ್‌ಐಆರ್ ಹಾಕಿ ಮನೆಯವರನ್ನು ಹುಡ್ಕುವ ಜವಾಬ್ದಾರಿಯೂ ಸ್ಟೇಷನಿಂದೇ. ಅಡ್ಮಿಟ್ ಬೇಡ ಅಂತ ಡಾಕ್ಟ್ರು ಹೇಳಿದ್ರೆ ಮನೆ ಇಲ್ಲದವನನ್ನು ಸರ್ಕಾರಿ ಆಶ್ರಯ ಕೇಂದ್ರಕ್ಕೆ ಸೇರ್ಸಬೇಕು ಅಂತಲೂ ಉಂಟು. ಆ ಸರ್ಕಾರಿ ಕೇಂದ್ರ ನಮ್ಮ ಉಪ್ಪಳ ಮಂಜೇಶ್ವರ ಕಡೆ ನಾನು ಕಂಡದ್ದಿಲ್ಲ. ಕಾನೂನು ಸರ್ಕಾರಕ್ಕೆ ಹೇಳಿದ ಕೆಲಸವನ್ನು ಆಶ್ರಮದವ್ರು ಮಾಡ್ತಾ ಇದ್ದಾರೆ, ಅದೂ ನಮ್ಮ ಬರ್ತ್‌ಡೇ ಊಟದ ಭರವಸೆಯಲ್ಲಿ.

ನಿಮ್ಮ ಪೇಪರಿನವರಿಗೂ ಒಂದು ಮಾತು, ತಪ್ಪು ತಿಳ್ಕೊಳ್ಬೇಡಿ. ಸ್ನಾನಕ್ಕೆ ಮುಂಚಿನ ಫೋಟೋ, ಸ್ನಾನ ಆದ ಮೇಲಿನ ಫೋಟೋ ಅಂತ ಜೋಡ್ಸಿ ಹಾಕುದನ್ನು ದಯವಿಟ್ಟು ಬಿಡಿ. ಅವನಿಗೂ ಹೆಂಡ್ತಿ ಮಕ್ಕಳು ಇರ್ತಾರೆ, ಗುಣ ಆದ ಮೇಲೆ ಅವನೂ ಅದನ್ನು ನೋಡ್ತಾನೆ.

ಕೊಡುವ ಮನಸ್ಸಿದ್ದವ್ರು ಮೊದ್ಲು ಫೋನ್ ಮಾಡಿ ಈ ತಿಂಗ್ಳು ಎಂತ ಬೇಕು ಅಂತ ಕೇಳಿ. ಮಾತ್ರೆಯ ಬಿಲ್ಲು, ಆಂಬುಲೆನ್ಸಿನ ಡೀಸೆಲ್, ಒಬ್ಬ ನರ್ಸಿನ ಅರ್ಧ ಸಂಬಳ, ಎಂತಾದ್ರು ಇರ್ತದೆ. ಪಂಚಾಯತಿನವ್ರು ಬರುವ ಮಳೆಗಾಲಕ್ಕೆ ಮುಂಚೆ ಖಾಲಿ ಬಿದ್ದ ಒಂದು ಕಟ್ಟಡ, ಒಬ್ಬ ವಾಚ್‌ಮ್ಯಾನ್, ಇಷ್ಟು ಕೊಟ್ರೂ ಶುರು ಮಾಡಬಹುದು. ಈ ಪತ್ರದ ಒಂದು ಕಾಪಿ ನಮ್ಮ ವಾರ್ಡ್ ಮೆಂಬರಿಗೂ ಕೊಟ್ಟಿದ್ದೇನೆ, ಮುಂದಿನ ಗ್ರಾಮಸಭೆಯಲ್ಲಿ ಎದ್ದು ಕೇಳುವವನಿದ್ದೇನೆ.

— ಉಪ್ಪಳದ ಒಬ್ಬ ಓದುಗ